ಗುಂಟೆಗೆ ನೂರು ಲೀಟರು

ವೈಟ್‌ಫೀಲ್ಡಿನಿಂದ ಹೊಸಕೋಟೆ, ಮಾಲೂರುಗಳ ಕಡೆಗೂ ಎಲೆಕ್ಟ್ರಾನಿಕ್ ಸಿಟಿಯಿಂದ ಸರ್ಜಾಪುರ, ಆನೇಕಲ್ಲುಗಳ ಕಡೆಗೂ ಹಬ್ಬಿರುವ ತರಕಾರಿ ತೋಟಗಳಲ್ಲಿ ನೀರನ್ನು ಅಳೆಯುವ ರೂಢಿಯೇ ಇಲ್ಲವೆಂದು ಹೇಳಲಾಗದು. ಅಳತೆ ಇದೆ, ಆದರೆ ಅದು ಲೀಟರಿನಲ್ಲಿಲ್ಲ, ಗಂಟೆಯಲ್ಲಿದೆ. ತ್ರೀಫೇಸ್ ಕರೆಂಟು ಬಂದಾಗ ಮೋಟಾರು ಓಡುತ್ತದೆ, ಹೋದಾಗ ನಿಲ್ಲುತ್ತದೆ, ಎರಡರ ನಡುವೆ ಹರಿದದ್ದೇ ಆ ದಿನದ ನೀರಾವರಿ ಎನ್ನಿಸಿಕೊಳ್ಳುತ್ತದೆ. ಗಿಡಕ್ಕಾದರೋ ಕರೆಂಟಿನ ಸರದಿ ಗೊತ್ತಿಲ್ಲ. ಅದರ ಅಗತ್ಯವನ್ನು ನಿರ್ಧರಿಸುವುದು ಬಿಸಿಲು, ಗಾಳಿ ಮತ್ತು ಅದರ ಎಲೆಯ ಹರವು. ಕೃಷಿ ವಿಜ್ಞಾನ ಆ ಅಗತ್ಯವನ್ನು ಮಿಲಿಮೀಟರುಗಳಲ್ಲಿ ಲೆಕ್ಕ ಹಾಕುವ ವಿಧಾನವನ್ನು ಎಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ತಿದ್ದಿ ತೀಡಿ ಇಟ್ಟಿದೆಯಾದರೂ, ಮಿಲಿಮೀಟರಿನಿಂದ ಮೋಟಾರಿನ ಗಂಟೆಗೆ ಬರುವ ದಾರಿಯನ್ನು ರೈತನಿಗೆ ತೋರಿಸುವ ಕೆಲಸ ಹಿಂದೆ ಉಳಿದಿದೆ. ಆ ದಾರಿ ಅಷ್ಟೇನೂ ಉದ್ದವಾದುದಲ್ಲ.

ಬೆಳೆಗೆ ಬೇಕಾಗುವ ನೀರು ಎಂಬ ಮಾತಿನ ಅರ್ಥವನ್ನು ಮೊದಲು ಬಿಡಿಸಿಕೊಳ್ಳಬೇಕು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಗಿಡದ ಮೈಯಲ್ಲಿ ಉಳಿಯುತ್ತದೆ, ಮಿಕ್ಕಿದ್ದೆಲ್ಲ ಎಲೆಯ ಅಡಿಯ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೊರಬೀಳುತ್ತದೆ. ಇದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು. ಇದರ ಜೊತೆಗೆ ಗಿಡಗಳ ನಡುವಿನ ಬರಿ ಮಣ್ಣಿನಿಂದಲೂ ನೀರು ನೇರವಾಗಿ ಆವಿಯಾಗುತ್ತದೆ. ಇವೆರಡನ್ನೂ ಕೂಡಿಸಿ ವಿಜ್ಞಾನಿಗಳು ಇವಾಪೊಟ್ರಾನ್ಸ್‌ಪಿರೇಶನ್ ಎನ್ನುತ್ತಾರೆ, ಸರಳವಾಗಿ ಆವಿನಷ್ಟ ಎಂದರೆ ಸಾಕು. ನಷ್ಟ ಎಂಬ ಪದ ಇಲ್ಲಿ ಸ್ವಲ್ಪ ದಾರಿ ತಪ್ಪಿಸುವಂಥದ್ದು, ಏಕೆಂದರೆ ಎಲೆ ತಂಪಾಗಿರುವುದೂ, ಮಣ್ಣಿನ ಪೋಷಕಾಂಶ ಬೇರಿನಿಂದ ಮೇಲೇರುವುದೂ, ಗಾಳಿಯ ಇಂಗಾಲ ಎಲೆಯೊಳಗೆ ಹೋಗುವುದೂ ಅದೇ ರಂಧ್ರಗಳು ತೆರೆದಿರುವುದರಿಂದ. ಟೊಮೆಟೊ ಹಣ್ಣಿನಲ್ಲಿ ನೂರಕ್ಕೆ ತೊಂಬತ್ತನಾಲ್ಕರಷ್ಟು ನೀರೇ ಇರುವುದರಿಂದ ಬೆಳೆಗೆ ಕೊಟ್ಟ ನೀರೆಲ್ಲ ಹಣ್ಣಾಯಿತೆಂದು ಯಾರಾದರೂ ಭಾವಿಸಬಹುದು. ಎಕರೆಗೆ 25 ಟನ್ ಇಳುವರಿ ಬಂದರೆ ಆ ಹಣ್ಣುಗಳೊಳಗಿನ ಒಟ್ಟು ನೀರು ಸುಮಾರು 23,500 ಲೀಟರು, ಅದು ಏಪ್ರಿಲ್ ತಿಂಗಳಲ್ಲಿ ಅದೇ ತೋಟ ಒಂದೇ ಒಂದು ದಿನದಲ್ಲಿ ಆವಿ ಮಾಡುವ ನೀರಿಗಿಂತಲೂ ಕಡಿಮೆ.

ಆವಿನಷ್ಟವನ್ನು ಗಿಡದ ಬುಡದಲ್ಲಿ ಕೂತು ಅಳೆಯುವುದು ಕಷ್ಟ. ಆಕಾಶದಿಂದ ಅಂದಾಜು ಮಾಡುವುದು ಸುಲಭ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಹೊವರ್ಡ್ ಪೆನ್‌ಮನ್ 1948ರಲ್ಲಿ ಬಿಸಿಲು, ಉಷ್ಣತೆ, ಗಾಳಿಯ ತೇವ ಮತ್ತು ಗಾಳಿಯ ವೇಗ ಎಂಬ ನಾಲ್ಕು ಸಂಗತಿಗಳನ್ನು ಒಂದೇ ಸಮೀಕರಣದಲ್ಲಿ ಕೂಡಿಸಿದನು. 1965ರಲ್ಲಿ ಜಾನ್ ಮಾಂಟೀತ್ ಅದಕ್ಕೆ ಎಲೆಯ ರಂಧ್ರಗಳು ಒಡ್ಡುವ ತಡೆಯನ್ನು ಸೇರಿಸಿದನು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ತನ್ನ 56ನೆಯ ನೀರಾವರಿ ಕೈಪಿಡಿಯಲ್ಲಿ ಈ ಸೂತ್ರವನ್ನೇ ಜಗತ್ತಿಗೆಲ್ಲ ಒಂದು ಮಾನದಂಡವಾಗಿ ಗೊತ್ತುಪಡಿಸಿತು. ಅದರ ಪ್ರಕಾರ ಹನ್ನೆರಡು ಸೆಂಟಿಮೀಟರ್ ಎತ್ತರದ, ನೀರಿನ ಕೊರತೆಯಿಲ್ಲದ, ನೆಲವನ್ನು ಪೂರಾ ಮುಚ್ಚಿದ ಒಂದು ಕಲ್ಪಿತ ಹುಲ್ಲುಹಾಸು ದಿನಕ್ಕೆ ಎಷ್ಟು ಆವಿ ಬಿಡುತ್ತದೋ ಅದೇ ಆಧಾರ ಆವಿನಷ್ಟ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಸುತ್ತ ಇದು ಡಿಸೆಂಬರಿನಲ್ಲಿ ದಿನಕ್ಕೆ 4 ಮಿಲಿಮೀಟರಿಗಿಂತ ತುಸು ಕೆಳಗೆ, ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಐದೂವರೆಯ ಆಸುಪಾಸಿನಲ್ಲಿ ಇರುತ್ತದೆ. ಜುಲೈ ತಿಂಗಳು ಮೈಗೆ ತಂಪೆನ್ನಿಸಿದರೂ ಆಗ ಬೀಸುವ ನೈಋತ್ಯದ ಗಾಳಿ ಎಲೆಯ ಸುತ್ತಲಿನ ತೇವವನ್ನು ಹೊತ್ತೊಯ್ಯುವುದರಿಂದ, ಮೋಡ ಕವಿದ ಆ ದಿನಗಳಲ್ಲೂ ಆವಿನಷ್ಟ ಜನರ ಊಹೆಯಷ್ಟು ಇಳಿಯುವುದಿಲ್ಲ ಎಂಬುದು ಗಮನಿಸಬೇಕಾದ ಮಾತು.

ಸಮೀಕರಣದ ಗೋಜೇ ಬೇಡವೆನ್ನುವವರಿಗೆ ಇನ್ನೊಂದು ಹಳೆಯ ಉಪಾಯವಿದೆ. ಹವಾಮಾನ ಕೇಂದ್ರಗಳ ಅಂಗಳದಲ್ಲಿ ಮರದ ಚೌಕಟ್ಟಿನ ಮೇಲೆ ಕೂರಿಸಿದ, 121 ಸೆಂಟಿಮೀಟರ್ ಅಗಲದ, 25 ಸೆಂಟಿಮೀಟರ್ ಆಳದ ಒಂದು ದುಂಡು ಬಾನಿ ಇರುತ್ತದೆ. ಅದರಲ್ಲಿ ನೀರು ತುಂಬಿಟ್ಟು, ನಿನ್ನೆ ಬೆಳಿಗ್ಗೆಯಿಂದ ಇಂದು ಬೆಳಿಗ್ಗೆಗೆ ಮಟ್ಟ ಎಷ್ಟು ಮಿಲಿಮೀಟರ್ ಇಳಿಯಿತೆಂದು ನೋಡುತ್ತಾರೆ. ತೆರೆದ ನೀರು ಹುಲ್ಲಿಗಿಂತ ಹೆಚ್ಚು ಆವಿಯಾಗುತ್ತದೆ, ಕಾದ ತಗಡು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹೀಗಾಗಿ ಬಂದ ಅಂಕಿಯನ್ನು ಸುಮಾರು 0.7ರಿಂದ ಗುಣಿಸಿದರೆ ಆಧಾರ ಆವಿನಷ್ಟ ಸಿಗುತ್ತದೆ. ಬಾನಿ 8 ಮಿಲಿಮೀಟರ್ ಇಳಿದಿದ್ದರೆ ಹುಲ್ಲಿನ ಲೆಕ್ಕ ಐದೂವರೆಗೆ ಬಂತು.

ಈ ಮಿಲಿಮೀಟರು ಎಂಬುದೇ ರೈತನಿಗೆ ತೊಡಕಿನ ಮಾತು. ಮಳೆಗಾದರೆ ಸರಿ, ಮಾಪಕದಲ್ಲಿ ಕಾಣುತ್ತದೆ. ಪೈಪಿನಲ್ಲಿ ಬರುವ ನೀರನ್ನು ಮಿಲಿಮೀಟರಿನಲ್ಲಿ ಹೇಗೆ ಅಳೆಯುವುದು? ಹೆಕ್ಟೇರಿಗೆ ಇಷ್ಟು ಘನ ಮೀಟರು ಎಂದು ಪುಸ್ತಕಗಳು ಕೊಡುವ ಉತ್ತರ ಗುಂಟೆ-ಎಕರೆಗಳಲ್ಲಿ ಬದುಕುವವರಿಗೆ ಒಗ್ಗುವುದಿಲ್ಲ. ನಮ್ಮ ಹಳೆಯ ಗುಂಟೆ ಇಲ್ಲಿ ಯಾರೂ ನಿರೀಕ್ಷಿಸದ ಒಂದು ಅನುಕೂಲವನ್ನು ಒದಗಿಸುತ್ತದೆ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ, ಅಂದರೆ 101 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರು. ಆದ್ದರಿಂದ ಒಂದು ಗುಂಟೆಗೆ ಒಂದು ಮಿಲಿಮೀಟರ್ ನೀರೆಂದರೆ ನೂರು ಲೀಟರು, ವೈಟ್‌ಫೀಲ್ಡಿನ ಮನೆಗಳಿಗೆ ಕುಡಿಯಲು ಬರುವ 20 ಲೀಟರಿನ ಕ್ಯಾನಿನ ಲೆಕ್ಕದಲ್ಲಿ ಐದು ಕ್ಯಾನು. ನಲವತ್ತು ಗುಂಟೆಯ ಎಕರೆಗೆ ಒಂದು ಮಿಲಿಮೀಟರು ನಾಲ್ಕು ಸಾವಿರ ಲೀಟರಾಯಿತು. ಬ್ರಿಟಿಷರ ಚೈನಿನ ಅಳತೆಯಿಂದ ಬಂದ ಗುಂಟೆಗೂ ಫ್ರಾನ್ಸಿನಲ್ಲಿ ಹುಟ್ಟಿದ ಮೀಟರಿಗೂ ಯಾವ ನಂಟೂ ಇಲ್ಲದಿದ್ದರೂ ಎರಡೂ ಹೀಗೆ ಕೂಡಿಬಂದಿರುವುದು ಬರೀ ಕಾಕತಾಳೀಯ. ಇದನ್ನು ಪ್ರಾಥಮಿಕ ಶಾಲೆಯ ಲೆಕ್ಕದ ಪುಸ್ತಕದಲ್ಲೇ ಕಲಿಸಬಹುದಾಗಿತ್ತು.

ಹುಲ್ಲಿನ ಲೆಕ್ಕದಿಂದ ತರಕಾರಿಯ ಲೆಕ್ಕಕ್ಕೆ ಬರಲು ಬೆಳೆ ಗುಣಾಂಕ ಎಂಬ ಸಂಖ್ಯೆಯಿಂದ ಗುಣಿಸಬೇಕು. ಅದು ಬೆಳೆಯ ವಯಸ್ಸಿನ ಜೊತೆ ಬದಲಾಗುತ್ತದೆ. ನಾಟಿ ಮಾಡಿದ ಹೊಸತರಲ್ಲಿ ಟೊಮೆಟೊ ಸಸಿಗೆ ನಾಲ್ಕೆಂಟು ಎಲೆ, ಸುತ್ತ ಎಲ್ಲಾ ಬರಿ ನೆಲ, ಆಗ ಗುಣಾಂಕ 0.6, ಸಾಲುಗಳು ಕೂಡಿಕೊಂಡು ಹೂವು-ಕಾಯಿ ತುಂಬಿದಾಗ 1.15, ಕೊಯ್ಲಿನ ಕೊನೆಗೆ ಎಲೆ ಹಳದಿಯಾಗುತ್ತ ಬಂದಾಗ 0.7ರಿಂದ 0.9. ಎಲೆಕೋಸು 0.7ರಿಂದ ಆರಂಭವಾಗಿ 1.05ಕ್ಕೆ ಏರುತ್ತದೆ, ಹುರುಳಿಕಾಯಿ 0.5ರಿಂದ ಹೊರಟು ಅದೂ 1.05ಕ್ಕೇ ಮುಟ್ಟುತ್ತದೆ. ಹೊಸಕೋಟೆ, ಮಾಲೂರುಗಳಲ್ಲಿ ಮಾಡುವಂತೆ ನೀಲಗಿರಿ ಇಲ್ಲವೇ ಸರ್ವೆ ಕೋಲು ನೆಟ್ಟು, ತಂತಿ ಎಳೆದು, ಆಳೆತ್ತರಕ್ಕೆ ಹಬ್ಬಿಸಿದ ಟೊಮೆಟೊ ಗಾಳಿಗೆ ಹೆಚ್ಚು ಮೈಯೊಡ್ಡುವುದರಿಂದ ಅದಕ್ಕೆ 1.2 ಹಿಡಿಯಬೇಕೆಂದು ಆಹಾರ ಮತ್ತು ಕೃಷಿ ಸಂಸ್ಥೆಯ ಅದೇ ಕೈಪಿಡಿಯ ಅಡಿಟಿಪ್ಪಣಿ ಸೂಚಿಸುತ್ತದೆ. ಒಬ್ಬನೇ ರೈತ ನಾಟಿಯ ಮೊದಲ ವಾರದಲ್ಲೂ ಅರವತ್ತನೆಯ ದಿನದಲ್ಲೂ ಒಂದೇ ಅವಧಿಗೆ ಮೋಟಾರು ಬಿಟ್ಟರೆ ಮೊದಲಲ್ಲಿ ಗೊಬ್ಬರ ಬೇರಿನ ಕೆಳಗೆ ತೊಳೆದುಹೋಗಿರುತ್ತದೆ, ಕೊನೆಯಲ್ಲಿ ಗಿಡ ಮಧ್ಯಾಹ್ನಕ್ಕೇ ಬಾಡಿರುತ್ತದೆ ಎಂಬುದು ಈ ಸಂಖ್ಯೆಗಳಿಂದಲೇ ತಿಳಿಯುತ್ತದೆ.

ಫೆಬ್ರವರಿಯ ಆರಂಭದಲ್ಲಿ ನಾಟಿಯಾಗಿ ಮೇ ಕೊನೆಗೋ ಜೂನಿನ ಆರಂಭಕ್ಕೋ ಮುಗಿಯುವ ಟೊಮೆಟೊ ಬೆಳೆಗೆ ಈ ರೀತಿ ದಿನದಿನದ ಲೆಕ್ಕ ಕೂಡಿಸುತ್ತ ಹೋದರೆ ಒಟ್ಟು ಆರುನೂರು ಮಿಲಿಮೀಟರಿನ ಮೇಲೆ ಬರುತ್ತದೆ, ಎಕರೆಗೆ ಹೆಚ್ಚುಕಡಿಮೆ 25 ಲಕ್ಷ ಲೀಟರು. ಎಕರೆಗೆ 25 ಟನ್ ಇಳುವರಿ ಎಂದು ಹಿಡಿದರೆ ಕಿಲೋ ಟೊಮೆಟೊಗೆ ನೂರು ಲೀಟರು, ಮಾರುಕಟ್ಟೆಗೆ ಹೋಗುವ 15 ಕಿಲೋ ಬಾಕ್ಸಿಗೆ ಒಂದೂವರೆ ಸಾವಿರ ಲೀಟರು. ಇದರ ಬೆಲೆ ಎಷ್ಟೆಂದು ಯೋಚಿಸುವ ಪ್ರಸಂಗ ಈ ಪ್ರದೇಶದಲ್ಲಿ ತಾನಾಗಿಯೇ ಒದಗಿದೆ. 2024ರ ಮಾರ್ಚ್‌ನಲ್ಲಿ ನಗರದಲ್ಲಿ ನೀರಿನ ಹಾಹಾಕಾರವೆದ್ದಾಗ ಬೆಂಗಳೂರು ನಗರ ಜಿಲ್ಲಾಡಳಿತ 6,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 600 ರೂಪಾಯಿ ಎಂದು ದರ ಗೊತ್ತುಮಾಡಿತು. ಆ ದರದಲ್ಲಿ ಒಂದು ಎಕರೆ ಟೊಮೆಟೊ ಕುಡಿಯುವ ನೀರಿನ ಬೆಲೆ ಎರಡೂವರೆ ಲಕ್ಷ ರೂಪಾಯಿ, ಕಿಲೋಗೆ ಹತ್ತು ರೂಪಾಯಿ. ಟೊಮೆಟೊ ಬೆಲೆಯೇ ಆ ಹತ್ತು ರೂಪಾಯಿಗೆ ಕುಸಿಯುವ ವಾರಗಳು ಕೋಲಾರದ ಮಾರುಕಟ್ಟೆಗೆ ಹೊಸತಲ್ಲ. ನಗರದ ಅಂಚಿನ ಕೊಳವೆಬಾವಿಗಳಿಂದ ಟ್ಯಾಂಕರುಗಳಿಗೆ ನೀರು ತುಂಬುವ ವ್ಯವಹಾರ ಏಕೆ ಬೆಳೆಯಿತೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರ್ 1882ರಲ್ಲಿ ಯುರೇಶಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು ನಾಲ್ಕು ಸಾವಿರ ಎಕರೆ ನೆಲ ಕೊಟ್ಟದ್ದು ಆ ಸಮುದಾಯದವರು ಬೇಸಾಯ ಮಾಡಿಕೊಂಡು ನೆಲೆಸಲಿ ಎಂದು. ಹಾಗೆ ಕೃಷಿ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡು ಇಂದು ತನ್ನ ಸುತ್ತಲಿನ ಬೇಸಾಯದ ನೀರಿಗೆ ಬೆಲೆ ಕಟ್ಟುತ್ತಿದೆ.

ಬೇಡಿಕೆಯ ಲೆಕ್ಕ ಮುಗಿದ ಮೇಲೆ ಪೂರೈಕೆಯದು. ಕೊಳವೆಬಾವಿಯ ನೀರನ್ನು ಈ ಭಾಗದಲ್ಲಿ ಇಂಚಿನಲ್ಲಿ ಹೇಳುವುದು ವಾಡಿಕೆ. ಒಂದು ಇಂಚು ನೀರು ಬಿತ್ತು, ಎರಡು ಇಂಚು ಬಿತ್ತು ಎಂಬ ಮಾತನ್ನು ಕೇಳದವರಿಲ್ಲ. ಇದು ಪೈಪಿನ ಅಗಲವಲ್ಲ. ಬಾವಿ ಕೊರೆಯುವವರು ಹೊರಬಂದ ನೀರನ್ನು ಒಂದೆಡೆ ಕಟ್ಟಿ, ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಕತ್ತರಿಸಿದ ತಗಡಿನ ಕಚ್ಚಿನ ಮೂಲಕ ಹರಿಯಬಿಟ್ಟು, ಆ ಕಚ್ಚಿನ ತುದಿಯಿಂದ ನೀರು ಎಷ್ಟು ಇಂಚು ಎತ್ತರಕ್ಕೆ ನಿಂತು ಹರಿಯುತ್ತಿದೆ ಎಂದು ನೋಡುತ್ತಾರೆ. ಎತ್ತರ ಹೆಚ್ಚಿದಂತೆ ಕಚ್ಚು ಅಗಲವೂ ಆಗುತ್ತದೆ, ನೀರು ವೇಗವಾಗಿಯೂ ಹರಿಯುತ್ತದೆ; ಆದ್ದರಿಂದ ಎರಡು ಇಂಚು ನೀರು ಒಂದು ಇಂಚಿನ ಎರಡು ಪಟ್ಟಲ್ಲ, ಐದೂವರೆ ಪಟ್ಟಿಗಿಂತ ಹೆಚ್ಚು. ತೊಂಬತ್ತು ಡಿಗ್ರಿಯ ಕಚ್ಚಿನಲ್ಲಿ ಒಂದು ಇಂಚೆಂದರೆ ಗಂಟೆಗೆ ಸುಮಾರು 500 ಲೀಟರು, ಎರಡು ಇಂಚೆಂದರೆ ಸುಮಾರು 2,900 ಲೀಟರು, ಮೂರು ಇಂಚೆಂದರೆ ಎಂಟು ಸಾವಿರದ ಹತ್ತಿರ. ಹೋದ ವರ್ಷ ಎರಡಿದ್ದದ್ದು ಈಗ ಒಂದೂವರೆಗೆ ಇಳಿಯಿತು ಎಂಬ ಮಾತು ಕಾಲುಭಾಗ ಕಳೆದುಹೋದಂತೆ ಕೇಳಿಸಿದರೂ ನಿಜವಾಗಿ ಹೋಗಿರುವುದು ಅರ್ಧಕ್ಕಿಂತ ಹೆಚ್ಚು.

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ; ಮೂರು ಫೇಸಿನ ಪೂರೈಕೆಗೆ ಸರ್ಕಾರ ಹೇಳುವ ಅವಧಿ ದಿನಕ್ಕೆ ಏಳು ಗಂಟೆ. ಹಾಗಾದರೆ ಎರಡು ಇಂಚಿನ ಬಾವಿ ದಿನಕ್ಕೆ ಕೊಡುವುದು ಇಪ್ಪತ್ತು ಸಾವಿರ ಲೀಟರು. ಇಷ್ಟು ನೀರಿನ ಮೇಲೆ ಒಂದು ಎಕರೆ ಟೊಮೆಟೊ ಇಟ್ಟವನ ತೋಟವನ್ನು ತುಸು ಹತ್ತಿರದಿಂದ ನೋಡಬಹುದು. ಡ್ರಿಪ್ಪಿನ ಸಾಲಿನಿಂದ ಸಾಲಿಗೆ ನಾಲ್ಕು ಅಡಿ, ಹನಿಯಿಂದ ಹನಿಗೆ 40 ಸೆಂಟಿಮೀಟರು, ಪ್ರತಿ ಹನಿತೂತು ಗಂಟೆಗೆ ಎರಡು ಲೀಟರಿನದು. ಎಕರೆಗೆ ಇಂಥ ಸುಮಾರು ಎಂಟು ಸಾವಿರದ ಮುನ್ನೂರು ತೂತುಗಳಾಗುತ್ತವೆ, ಎಲ್ಲವನ್ನೂ ಒಮ್ಮೆಗೇ ಬಿಡಲು ಗಂಟೆಗೆ ಸುಮಾರು ಹದಿನೇಳು ಸಾವಿರ ಲೀಟರು ಬೇಕು, ಬಾವಿಯಲ್ಲಿರುವುದು ಅದರ ಆರರಲ್ಲಿ ಒಂದು ಪಾಲು. ಆದ್ದರಿಂದ ಎಕರೆಯನ್ನು ಆರೂಮುಕ್ಕಾಲು ಗುಂಟೆಯಂತೆ ಆರು ಭಾಗ ಮಾಡಿ, ಪ್ರತಿಯೊಂದಕ್ಕೂ ಒಂದು ಗೇಟ್‌ವಾಲ್ ಇಟ್ಟು, ಒಂದಾದ ಮೇಲೊಂದನ್ನು ತಿರುಗಿಸಬೇಕಾಗುತ್ತದೆ. ಡಿಸೆಂಬರಿನಲ್ಲಿ ತುಂಬು ಬೆಳೆಯ ದಿನದ ಅಗತ್ಯ 3.8ನ್ನು 1.15ರಿಂದ ಗುಣಿಸಿದಾಗ ಬರುವ 4.4 ಮಿಲಿಮೀಟರು, ಡ್ರಿಪ್ಪಿನಲ್ಲೂ ನೂರಕ್ಕೆ ಹತ್ತರಷ್ಟು ಪೋಲಾಗುತ್ತದೆಂದು ಸೇರಿಸಿದರೆ 4.9. ಒಂದು ಭಾಗಕ್ಕೆ ಎಪ್ಪತ್ತು ನಿಮಿಷ ಬಿಟ್ಟರೆ ಅಷ್ಟು ನೀರು ಹೋಗುತ್ತದೆ, ಆರು ಭಾಗಕ್ಕೆ ಸರಿಯಾಗಿ ಏಳು ಗಂಟೆ. ಏಪ್ರಿಲ್‌ನಲ್ಲಿ ಅದೇ ಬೆಳೆಗೆ 6.3, ಪೋಲು ಸೇರಿ 7 ಮಿಲಿಮೀಟರು ಬೇಕು. ಒಂದು ಭಾಗಕ್ಕೆ ನೂರು ನಿಮಿಷವಾಗುತ್ತದೆ, ನಾಲ್ಕನೆಯ ಗೇಟ್‌ವಾಲ್ ಮುಗಿಯುವ ಹೊತ್ತಿಗೆ ಕರೆಂಟು ಹೋಗಿರುತ್ತದೆ. ಐದನೆಯ, ಆರನೆಯ ಭಾಗಗಳಲ್ಲಿ ಸಸಿಯೂ ಇದೆ, ಕೋಲೂ ನೆಟ್ಟಿದೆ, ಗೊಬ್ಬರವೂ ಬಿದ್ದಿದೆ, ನೀರು ಮಾತ್ರ ಇಲ್ಲ.

ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಆರೂ ಭಾಗಕ್ಕೂ ಎಪ್ಪತ್ತೆಪ್ಪತ್ತು ನಿಮಿಷವೇ ಹಂಚಿ, ಇಡೀ ಎಕರೆಯನ್ನು ಅರೆಹೊಟ್ಟೆಯಲ್ಲಿ ಇಡುವುದು ಕಂಡುಬರುತ್ತದೆ. ಇನ್ನು ಕೆಲವರು ಮತ್ತೊಂದು ಬಾವಿ ಕೊರೆಸಲು ಸಾಲಕ್ಕೆ ಹೋಗುತ್ತಾರೆ. ಕೋಲಾರ ಮತ್ತು ಬೆಂಗಳೂರಿನ ಎರಡೂ ಜಿಲ್ಲೆಗಳಲ್ಲಿ ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿರುವಾಗ, ಸಾವಿರ ಅಡಿ ದಾಟಿದರೂ ಬರಿ ದೂಳು ಬರುವ ಸಾಧ್ಯತೆ ಇರುವಾಗ, ಅದು ಜೂಜೇ ಸರಿ. ನೀರಿನ ಅಂದಾಜಿನ ಬಗ್ಗೆ ಬರುವ ಕೈಪಿಡಿಗಳೂ ಮೊಬೈಲ್ ಆ್ಯಪುಗಳೂ ದಿನಕ್ಕೆ ಎಷ್ಟು ಬಿಡಬೇಕೆಂಬುದನ್ನೇ ಮುಖ್ಯ ಮಾಡಿ ಹೇಳುತ್ತವೆ. ಅಂದಾಜಿನ ಮೊದಲ ಉಪಯೋಗ ಇರುವುದು ನಾಟಿಗೆ ಮುಂಚೆ, ಎಷ್ಟು ಗುಂಟೆಗೆ ಸಸಿ ಹೇಳಬೇಕೆಂದು ನರ್ಸರಿಯ ಮುಂದೆ ನಿಂತಾಗ. ಫೆಬ್ರವರಿಯಲ್ಲಿ ನೀರು ಧಾರಾಳವಾಗಿ ಕಂಡರೂ ನೋಡಬೇಕಾದದ್ದು ಏಪ್ರಿಲ್ ತಿಂಗಳ ಲೆಕ್ಕ. ಎರಡು ಇಂಚಿನ ಬಾವಿಗೆ ಅದು 28 ಗುಂಟೆ ಎನ್ನುತ್ತದೆ. ಉಳಿದ 12 ಗುಂಟೆಯನ್ನು ಹುರುಳಿಯೋ ಅಲಸಂದೆಯೋ ಚೆಲ್ಲಲು ಮುಂಗಾರಿನವರೆಗೆ ಬಿಟ್ಟರೆ 28 ಗುಂಟೆಯಲ್ಲಿ ತೆಗೆದ ಬೆಳೆ, ಬಾಡಿದ 40 ಗುಂಟೆಯ ಬೆಳೆಗೆ ಯಾವ ರೀತಿಯಲ್ಲೂ ಕಡಿಮೆಯಾಗುವುದಿಲ್ಲ. ಸಸಿ, ಕೋಲು, ಕೂಲಿಗಳ ಖರ್ಚಂತೂ ಹತ್ತರಲ್ಲಿ ಮೂರು ಪಾಲು ಉಳಿಯುತ್ತದೆ. ಡ್ರಿಪ್ ಹಾಕಿದ್ದರಿಂದ ಉಳಿದ ನೀರಿನಲ್ಲಿ ಇನ್ನಷ್ಟು ಗುಂಟೆ ವಿಸ್ತರಿಸುವ ಆಸೆಯೂ ಇದೇ ಲೆಕ್ಕದ ಮುಂದೆ ನಿಲ್ಲಬೇಕು, ಏಕೆಂದರೆ ಹಾಗೆ ವಿಸ್ತರಿಸಿದಾಗ ಉಳಿತಾಯವೆಂಬುದು ಅಂತರ್ಜಲಕ್ಕೆ ಮರಳದೆ ಎಲೆಗಳ ಮೂಲಕ ಆಕಾಶಕ್ಕೇ ಹೋಗುತ್ತದೆ.

ಒಟ್ಟು ಪ್ರಮಾಣದಷ್ಟೇ ಮುಖ್ಯವಾದದ್ದು ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆ, ಅದರ ಉತ್ತರ ಮಣ್ಣಿನಲ್ಲಿದೆ. ಮಳೆ ಬಿದ್ದು ಹೆಚ್ಚಿನ ನೀರು ಬಸಿದುಹೋದ ಮೇಲೆ, ಕೈಯಲ್ಲಿ ಹಿಡಿದರೆ ಉಂಡೆಯಾಗಿ, ತಟ್ಟಿದರೆ ಪುಡಿಯಾಗುವ ಸ್ಥಿತಿಯನ್ನು ಕನ್ನಡದ ರೈತ ಹದ ಎನ್ನುತ್ತಾನೆ. ಮಣ್ಣು ವಿಜ್ಞಾನದಲ್ಲಿ ಕ್ಷೇತ್ರ ಸಾಮರ್ಥ್ಯವೆಂದು ವಿವರಿಸುವುದು ಹೆಚ್ಚುಕಡಿಮೆ ಇದನ್ನೇ. ಈ ಭಾಗದ ಮರಳು ಬೆರೆತ ಕೆಂಪು ಮಣ್ಣು ಹದಕ್ಕೂ ಗಿಡ ಪೂರಾ ಒಣಗುವ ಹಂತಕ್ಕೂ ನಡುವೆ ಒಂದು ಮೀಟರ್ ಆಳಕ್ಕೆ ನೂರಹತ್ತು ಮಿಲಿಮೀಟರಿನಷ್ಟು ನೀರನ್ನು ಹಿಡಿದಿಡುತ್ತದೆ. ಅಷ್ಟನ್ನೂ ಗಿಡ ಸುಲಭವಾಗಿ ಎಳೆದುಕೊಳ್ಳಲಾರದು. ಟೊಮೆಟೊ ನೂರಕ್ಕೆ ನಲವತ್ತು ಪಾಲು ಖಾಲಿಯಾಗುವವರೆಗೆ ತಡೆಯುತ್ತದೆ, ಎಲೆಕೋಸು ನಲವತ್ತೈದು, ದಪ್ಪ ಮೆಣಸಿನಕಾಯಿ ಮೂವತ್ತು, ಪಾಲಕ್ ಸೊಪ್ಪು ಇಪ್ಪತ್ತೇ. ಬೇರು ಅರ್ಧ ಮೀಟರಿಗೆ ಇಳಿದ ಟೊಮೆಟೊಗೆ ಹೀಗೆ ಸಿಗುವುದು 22 ಮಿಲಿಮೀಟರು, ಬೇಸಿಗೆಯಲ್ಲೂ ಮೂರೂವರೆ ದಿನದ ಊಟ. ಒಂದು ಅಡಿ ಬೇರಿನ ಪಾಲಕ್ಕಿಗೆ ಸಿಗುವುದು ಆರೇಳು ಮಿಲಿಮೀಟರು, ಒಂದು ದಿನಕ್ಕಷ್ಟೇ ಸಾಕು. ಸೊಪ್ಪಿನ ಮಡಿಗೆ ದಿನವೂ, ಟೊಮೆಟೊ ಸಾಲಿಗೆ ಮೂರು-ನಾಲ್ಕು ದಿನಕ್ಕೊಮ್ಮೆ ಕಾಲುವೆ ತಿರುಗಿಸುತ್ತಿದ್ದ ಹಿಂದಿನವರು ಯಾವ ಕೋಷ್ಟಕವನ್ನೂ ನೋಡಿದವರಲ್ಲ. ಬೆಂಗಳೂರಿನ ಕೆರೆಗಳ ಕೆಳಗೆ ಏತ, ಕಪಿಲೆಗಳಿಂದ ನೀರೆತ್ತಿ ಸೊಪ್ಪು-ತರಕಾರಿ ಬೆಳೆದು ಪೇಟೆಗೆ ಒದಗಿಸಿದ ತಿಗಳ ಸಮುದಾಯದ ತೋಟಗಾರಿಕೆಯಲ್ಲಿ ಈ ಲೆಕ್ಕ ಕೈಯ ರೂಢಿಯಾಗಿಯೇ ಇತ್ತು. ಅಂತರ ತಪ್ಪಿದಾಗ, ಅಂದರೆ ನಾಲ್ಕು ದಿನ ಒಣಗಿಸಿ ಐದನೆಯ ದಿನ ತುಂಬಿಸಿದಾಗ, ಹಣ್ಣಾಗುತ್ತಿರುವ ಟೊಮೆಟೊ ಬಿರಿಯುತ್ತದೆ. ಒಣಗಿದ ದಿನಗಳಲ್ಲಿ ಸುಣ್ಣದ ಅಂಶ ಕಾಯಿಗೆ ತಲುಪದೆ ಅದರ ತಳ ಕಪ್ಪಾಗಿ ಕೊಳೆಯುತ್ತದೆ. ಇದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವುದುಂಟು.

ಮಳೆಯನ್ನು ಲೆಕ್ಕದಿಂದ ಕಳೆಯಬೇಕು, ಆದರೆ ಬಿದ್ದದ್ದನ್ನೆಲ್ಲ ಕಳೆಯುವಂತಿಲ್ಲ. ಭರಣಿ, ಕೃತ್ತಿಕೆಯ ಗುಡುಗು ಮಳೆ ಅರ್ಧ ಗಂಟೆಯಲ್ಲಿ ನಲವತ್ತು ಮಿಲಿಮೀಟರ್ ಸುರಿದರೆ ಬಹುಪಾಲು ಹರಿದುಹೋಗುತ್ತದೆ; ಮೂರು-ನಾಲ್ಕು ಮಿಲಿಮೀಟರಿನ ತುಂತುರು ಎಲೆ ತೋಯಿಸಿ ಅಲ್ಲೇ ಆರುತ್ತದೆ. ಬೇರಿಗೆ ಇಳಿದದ್ದಷ್ಟೇ ಹದಮಳೆ. ಮಲ್ಚಿಂಗ್ ಶೀಟು ಹಾಸಿದ ತೋಟದಲ್ಲಿ ಇದು ಇನ್ನಷ್ಟು ಸಿಕ್ಕು: ಶೀಟು ಮಣ್ಣಿನ ಆವಿಯನ್ನು ತಡೆದು ಬೆಳೆಯ ಅಗತ್ಯವನ್ನು ನೂರಕ್ಕೆ ಹತ್ತರಿಂದ ಮೂವತ್ತರವರೆಗೆ ಇಳಿಸುತ್ತದೆ ನಿಜ, ಮಳೆಯನ್ನೂ ಅದು ಅಷ್ಟೇ ಚೆನ್ನಾಗಿ ತಡೆದು ಸಾಲಿನ ನಡುವಿನ ಕಾಲುದಾರಿಗೆ ಇಳಿಸುತ್ತದೆ. ಮಳೆ ಬಂತೆಂದು ಮೂರು ದಿನ ಡ್ರಿಪ್ ನಿಲ್ಲಿಸಿದವನ ಗಿಡ ಸುತ್ತ ಕೆಸರಿದ್ದರೂ ಬಾಡುವುದು ಇದರಿಂದ.

ಇಷ್ಟರವರೆಗಿನ ಲೆಕ್ಕ ಒಳ್ಳೆಯ ನೀರಿನದು. ಬೆಂಗಳೂರಿನ ಹೊರವಲಯದ ವಿಶೇಷವೆಂದರೆ ಇಲ್ಲಿನ ಬೇಸಾಯದ ನೀರಿನಲ್ಲಿ ನಗರದ ಪಾಲು ಸೇರಿದೆ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹೊರಟು ದಕ್ಷಿಣ ಪಿನಾಕಿನಿಯನ್ನು ಸೇರುವ ಕಾಲುವೆಯ ಅಕ್ಕಪಕ್ಕ ದಶಕಗಳಿಂದ ಕೊಳಚೆ ಬೆರೆತ ನೀರಿನಲ್ಲೇ ಸೊಪ್ಪು ಬೆಳೆದದ್ದುಂಟು. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ, ಜನರ ಬಾಯಲ್ಲಿ ಕೆ.ಸಿ. ವ್ಯಾಲಿ, ನಗರದ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧಮಾಡಿ ಕೋಲಾರದ ಕೆರೆಗಳಿಗೆ ಹರಿಸಲು ತೊಡಗಿತು. ಅದರ ಮೊದಲ ಹಂತದ ಗುರಿ 126 ಕೆರೆ, ದಿನಕ್ಕೆ 44 ಕೋಟಿ ಲೀಟರು. ಗುಂಟೆಯ ಲೆಕ್ಕದಿಂದ ನೋಡಿದರೆ ದಿನಕ್ಕೆ 5 ಮಿಲಿಮೀಟರಿನಂತೆ ಇದು ಇಪ್ಪತ್ತೊಂದು ಸಾವಿರ ಎಕರೆಗೂ ಮಿಗಿಲಾದ ತರಕಾರಿಯ ನೀರು. ಹಾಗೆ ನೇರವಾಗಿ ಹೊಲಕ್ಕೆ ಎತ್ತಲು ಯೋಜನೆಯಲ್ಲಿ ಅವಕಾಶವಿಲ್ಲ, ಕೆರೆ ತುಂಬಿಸಿ ಅಂತರ್ಜಲ ಏರಿಸುವುದು ಅದರ ಉದ್ದೇಶ. ತೆರೆದ ಕೆರೆಯ ಮೈಯಿಂದಲೂ ದಿನಕ್ಕೆ ಐದಾರು ಮಿಲಿಮೀಟರ್ ಆವಿಯಾಗುತ್ತಲೇ ಇರುತ್ತದೆಂಬುದನ್ನೂ ಈ ಲೆಕ್ಕದಲ್ಲಿ ಮರೆಯಬಾರದು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬ ರೈತ ಸಂಘಟನೆಗಳ ಒತ್ತಾಯ ಇಂದಿಗೂ ನಿಂತಿಲ್ಲ.

ನೀರಿನಲ್ಲಿ ಉಪ್ಪು ಕರಗಿದ್ದರೆ ಗಿಡ ನೀರನ್ನಷ್ಟೇ ಹೀರಿ ಉಪ್ಪನ್ನು ಬಹುಪಾಲು ಮಣ್ಣಿನಲ್ಲಿ ಬಿಡುತ್ತದೆ, ಬೆಳೆಯಿಂದ ಬೆಳೆಗೆ ಅದು ಗಟ್ಟಿಯಾಗುತ್ತ ಹೋಗುತ್ತದೆ. ಅದನ್ನು ಬೇರಿನ ಕೆಳಗೆ ತೊಳೆಯಲು ಅಗತ್ಯಕ್ಕಿಂತ ತುಸು ಹೆಚ್ಚು ನೀರು ಕೊಡಬೇಕು. ಎಷ್ಟು ಹೆಚ್ಚು ಎಂಬುದು ಬೆಳೆಯ ಸಹನೆಗೆ ತಕ್ಕಂತೆ. ಉಪ್ಪಿನ ಪ್ರಮಾಣವನ್ನು ನೀರು ವಿದ್ಯುತ್ ಹರಿಸುವ ಗುಣದಿಂದ ಅಳೆಯುತ್ತಾರೆ, ಅದರ ಮಾನ ಮೀಟರಿಗೆ ಇಷ್ಟು ಡೆಸಿಸೀಮೆನ್ಸ್ ಎಂದು. ನೀರಿನಲ್ಲಿ ಇದು 1.2 ಇದೆ ಎಂದಿಟ್ಟುಕೊಂಡರೆ, ಮಣ್ಣಿನಲ್ಲಿ 2.5ರವರೆಗೆ ತಾಳಿಕೊಳ್ಳುವ ಟೊಮೆಟೊಗೆ ನೂರು ಲೀಟರು ಕೊಡುವಲ್ಲಿ ನೂರಹನ್ನೆರಡು ಕೊಟ್ಟರೆ ಸಾಕು. ಬರೀ 1ಕ್ಕೇ ಸೊರಗುವ ಹುರುಳಿಕಾಯಿಗಾದರೆ ಅದೇ ನೀರನ್ನು ನೂರನಲವತ್ತಾರು ಲೀಟರು ಕೊಡಬೇಕಾಗುತ್ತದೆ. ಕ್ಯಾರೆಟ್ಟಿನದೂ ಹುರುಳಿಕಾಯಿಯದೇ ಸ್ವಭಾವ. ಹೀಗಾಗಿ ನೀರು ಕಡಿಮೆ ಇದ್ದು ಸವುಳೂ ಆಗಿದ್ದ ಕಡೆ, ಕಡಿಮೆ ನೀರಿನ ಬೆಳೆಯೆಂದು ಹುರುಳಿಕಾಯಿ ಆರಿಸುವುದು ತಲೆಕೆಳಗಾದ ತೀರ್ಮಾನವಾಗಬಹುದು. ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ಈ ತೊಳೆಯುವ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತವೆ, ಶೀಟು ಹಾಸಿರದಿದ್ದರೆ. ಕಾರ್ಖಾನೆಗಳ ಲೋಹದ ವಿಷಯ ಇದಕ್ಕಿಂತ ಬೇರೆ: ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ದಾಖಲಾಗಿದೆ, ಅಂಥ ನೀರಿಗೆ ಎಷ್ಟು ಲೀಟರು ಎಂಬ ಪ್ರಶ್ನೆಯೇ ಹೊಂದುವುದಿಲ್ಲ, ಪ್ರಯೋಗಾಲಯದ ವರದಿಯೊಂದೇ ಅಲ್ಲಿ ದಾರಿ.

ದಿನದಿನದ ಅಂಕಿಗಳಿಗೆ ದೂರ ಹೋಗಬೇಕಾಗಿಲ್ಲ. ಪೀಣ್ಯದಿಂದ ಹೆಚ್ಚು ದೂರವಿಲ್ಲದ ಹೆಸರಘಟ್ಟದಲ್ಲಿ, 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತರಕಾರಿಗಳ ಮೇಲೆ ಕೆಲಸ ಮಾಡುತ್ತಿದೆ; ಜಿ.ಕೆ.ವಿ.ಕೆ.ಯ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಹವಾಮಾನ ವಿಭಾಗವಿದೆ. ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದ ಮಳೆಮಾಪಕಗಳನ್ನೂ ಹೋಬಳಿ ಮಟ್ಟದ ಹವಾಮಾನ ಯಂತ್ರಗಳನ್ನೂ ನಡೆಸಿ ವರುಣ ಮಿತ್ರ ಎಂಬ ಸಹಾಯವಾಣಿಯಲ್ಲಿ ರೈತರಿಗೆ ಉತ್ತರಿಸುತ್ತದೆ. ಹೂಡಿಯಲ್ಲಿ ಸುರಿದ ಮಳೆ ಕಾಡುಗೋಡಿಯಲ್ಲಿ ಬೀಳದಿರುವ ಈ ಪ್ರದೇಶದಲ್ಲಿ ಹೋಬಳಿಯ ಅಂಕಿಗೆ ನಗರದ ಸರಾಸರಿಗಿಂತ ಹೆಚ್ಚಿನ ಬೆಲೆಯಿದೆ.

ಅಂಕಿ ಎಷ್ಟೇ ನಿಖರವಾಗಿದ್ದರೂ ಕೊನೆಗೆ ಅದು ತೋಟ ಸೇರುವುದು ಹನಿತೂತಿನ ಮೂಲಕವೇ. ಗಂಟೆಗೆ ಎರಡು ಲೀಟರಿನ ತೂತು ಮೂರು ನಿಮಿಷಕ್ಕೆ ನೂರು ಮಿಲಿಲೀಟರ್ ಹನಿಸಬೇಕು, ಅಂದರೆ ಹೋಟೆಲಿನ ಚಹಾದ ಪುಟ್ಟ ಲೋಟದಷ್ಟು. ಗೇಟ್‌ವಾಲಿನ ಬಳಿಯ ಮೊದಲ ತೂತಿನ ಕೆಳಗೆ ಒಂದು, ಪೈಪಿನ ನಡುವೆ ಒಂದು, ಬದುವಿನ ಅಂಚಿನ ಕೊನೆಯ ತೂತಿಗೆ ಒಂದು ಲೋಟ ಇಟ್ಟು ನೋಡಿದರೆ ಆಳದ ಕೊಳವೆಬಾವಿಯ ಸುಣ್ಣ ಎಲ್ಲೆಲ್ಲಿ ಕಟ್ಟಿದೆ, ಕೆರೆನೀರಿನ ಪಾಚಿ ಎಲ್ಲಿ ಸಿಕ್ಕಿದೆ, ಏರು ನೆಲದಲ್ಲಿ ಒತ್ತಡ ಎಲ್ಲಿ ಸೋತಿದೆ ಎಂಬುದೆಲ್ಲ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಮೊದಲ ಲೋಟ ತುಂಬಿ, ಕೊನೆಯದು ಅರ್ಧಕ್ಕೇ ನಿಂತಿದ್ದರೆ, ಏಪ್ರಿಲ್‌ನ ಆ ನೂರು ನಿಮಿಷ ಗೇಟ್‌ವಾಲಿನ ಪಕ್ಕದ ಗಿಡಗಳಿಗಷ್ಟೇ ಸರಿಯಾದ ಲೆಕ್ಕ. ಬದುವಿನ ಪಕ್ಕದ ಗಿಡಕ್ಕೆ ಅದು ಐವತ್ತೇ ನಿಮಿಷ.